ರಾಯಚೂರು ಬಿಸಿಲಿಗೆ ಒಂದು ಲೀಟರ್ ಸ್ಟೀಲ್ ಥರ್ಮಾಸ್

ತೀನ್ ಕಂದೀಲ್ ಕಡಿ ಪಾತ್ರಿ ಅಂಗಡ್ಯಾಗ ತಗೊಂಡಿದ್ದು, ಬೇಸಿಗಿ ಪೂರ್ತಿ ಬಳಸಿ ಆಮ್ಯಾಲೆ ಬರ್ಯಾಕತ್ತೀನಿ. ಮುಂಜಾನಿ ಐಸ್ ಹಾಕಿ ನೀರು ತುಂಬಿದ್ರ ಸಂಜಿಮಟ ತಣ್ಣಗ ಇರ್ತೈತಿ, ಹೊರಗ 40 ಡಿಗ್ರಿ ದಾಟಿದ್ರೂ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರಕ್ಕ ಡ್ಯೂಟಿಗೆ ಹೋಗೋ ನಮ್ಮಣ್ಣ ಇದನ್ನ ಬಿಟ್ಟು ಹೋಗಂಗೇ ಇಲ್ಲ.

ಥರ್ಮಲ್, ಥರ್ಮಾಸ್, ಜ್ವರ ನೋಡೋ ಥರ್ಮಾಮೀಟರ್ ಎಲ್ಲಾ ಒಂದ ಬೇರಿನವು, ಗ್ರೀಕ್‌ನ್ಯಾಗ ಥರ್ಮೋಸ್ ಅಂದ್ರ ಬಿಸಿ. ಅದಕ್ಕಿಂತ ನನಗ ಭಾಳ ಖುಷಿ ಕೊಟ್ಟಿದ್ದು ಏನಂದ್ರ, ನಮ್ಮೂರಾಗ ಚಾದಂಗಡಿ ಮುಂದ ದಿನಾ ಕೇಳೋ 'ಗರಂ' ಐತಲ್ಲ, ಪಾರ್ಸಿಯಿಂದ ಉರ್ದುಗೆ ಬಂದು ಅಲ್ಲಿಂದ ನಮ್ಮ ಬಾಯಿಗೆ ಬಂದಿದ್ದು, ಅದೂ, ಶಾಖ ಅನ್ನೋ ಅರ್ಥದ ಸಂಸ್ಕೃತದ ಘರ್ಮನೂ ಇದರ ಸಂಬಂಧಿಕರೇ! ಹಳೇ ಕಾಲದ ಒಂದು ಸದ್ದು ಗ್ರೀಕರ ಬಾಯಾಗ ಥ ಆತು, ಸಂಸ್ಕೃತದಾಗ ಘ, ಪಾರ್ಸಿಯಾಗ ಗ. ಬೆವರಿಗೆ ಘರ್ಮಜಲ ಅಂತ ಹಳೇ ಪುಸ್ತಕದಾಗ ಬರ್ತೈತಲ್ಲ, ಅದ ಘರ್ಮ.

ಹೆಸರು ಬಿಸಿದು, ಆದ್ರ ಈ ಸಾಮಾನು ಹುಟ್ಟಿದ್ದು ತಣ್ಣಂದು ಕಾಯಾಕ. 1892ರಾಗ ಲಂಡನ್‌ನ್ಯಾಗ ಜೇಮ್ಸ್ ಡ್ಯೂವರ್ ಅನ್ನೋ ವಿಜ್ಞಾನಿ ದ್ರವ ಮಾಡಿದ ಗ್ಯಾಸ್ ಇಡಾಕ ಎರಡು ಗೋಡಿ ಇಟ್ಟು ನಡುವಿನ ಗಾಳಿ ತಗದು ಮಾಡಿದ. ಗಾಳಿನ ಇಲ್ಲಂದ್ರ ಶಾಖ ದಾಟೋದು ಕಷ್ಟ, ಒಳಗಿಂದು ಹೊರಗ ಹೋಗಂಗಿಲ್ಲ, ಹೊರಗಿಂದು ಒಳಗ ಬರಂಗಿಲ್ಲ. ಪೇಟೆಂಟ್ ಅವ ತಗೊಳ್ಳಿಲ್ಲ, 1904ರಾಗ ಜರ್ಮನಿಯವ್ರು ಥರ್ಮಾಸ್ ಅಂತ ಕಂಪನಿ ತಗದ್ರು. ಎಲ್ಲಾರೂ ಎಲ್ಲಾ ಫ್ಲಾಸ್ಕಿಗೂ ಥರ್ಮಾಸ್ ಅನ್ನಾಕ ಶುರು ಮಾಡಿ, ಕಡೀಗೆ 1963ರಾಗ ಅಮೆರಿಕದ ಕೋರ್ಟು ಇದು ಸಾಮಾನ್ಯ ಪದ ಆಗೇತಿ ಅಂತ ಹೇಳಿಬಿಡ್ತು. ಅಂಗಡ್ಯಾಗ ಥರ್ಮಾಸ್ ಕೊಡ್ರಿ ಅಂದ್ರ ಯಾವ ಕಂಪನೀದು ಅಂತ ಕೇಳ್ತಾರ, ಗ್ರೀಕ್ ಪದ ಇಲ್ಲೇ ಹುಟ್ಟಿದಂಗ ಆಗಿಬಿಟ್ಟೈತಿ, ನನಗಂತೂ ಅದು ಹೆಮ್ಮಿ ಅನಸ್ತೈತಿ.

ಇನ್ನ ದೋಷ. ಬಾಯಿ ಸಣ್ಣದು, ಕೈ ಹೋಗಂಗಿಲ್ಲ, ಉದ್ದ ಬ್ರಷ್ ಬೇಕ ಬೇಕು. ಮುಚ್ಚಳದ ವಾಷರ್ ಬಿಚ್ಚಿ ತೊಳೀಲಿಲ್ಲಂದ್ರ ವಾಸನಿ ಹಿಡಿತೈತಿ. ಹಾಲಿನ ಚಾ ತಾಸುಗಟ್ಲೆ ಇಡಬ್ಯಾಡ್ರಿ, ರುಚಿ ಕೆಡ್ತೈತಿ, ಕರಿ ಚಾ ಆದ್ರ ನಡಿತೈತಿ. ಕಾಜಿನ ಒಳಗಿಂದು ತಗೋಬ್ಯಾಡ್ರಿ, ಬಸ್ಸಿನ ಗದ್ಲದಾಗ ಒಡಿತೈತಿ.

ತಗೊಳ್ಳೋ ಮುಂದ ಅಂಗಡ್ಯಾಗ ಕುದಿಯೋ ನೀರು ಹಾಕಿಸಿ ಮುಚ್ಚಿ ಒಂದೀಟ್ ಹೊತ್ತು ಬಿಟ್ಟು ಹೊರಗ ಮುಟ್ಟಿ ನೋಡ್ರಿ. ಮೈ ಬೆಚ್ಚಗಾತಂದ್ರ ನಡುವ ಗಾಳಿ ಹೊಕ್ಕೈತಿ ಅಂತ ಅರ್ಥ, ಬ್ಯಾರೇದು ಕೇಳ್ರಿ.