ಕಪ್ ನೋಡಿ ಮುಧೋಳ ಮರಿ ತಗೋಬೇಡಿ

ಮುಧೋಳ ನಾಯಿ ಸಾಕಬೇಕು ಅಂತಿರೋರು ಅಡ್ವಾನ್ಸ್ ಹಾಕೋ ಮುಂಚೆ ಇದನ್ನು ಓದಿ. ದಯವಿಟ್ಟು ಓದಿ.

ನನಗೆ ಬೇಕಿದ್ದದ್ದು ಹೊಲ ಕಾಯೋ ನಾಯಿ. ಪಂಪ್‌ಸೆಟ್ ಕೇಬಲ್ ಕಳ್ಳರ ಕಾಟ, ಜೊತೆಗೆ ಮಂಗಗಳು. ಬಾಗಲಕೋಟೆ ಕಡೆಯ ಒಬ್ಬ ಬ್ರೀಡರ್ ಹತ್ತಿರ ಗಂಡು ಮರಿ ತಂದೆ. ಮರಿಯ ಅಪ್ಪ ನಾಯಿ ಡಾಗ್ ಶೋಗಳಲ್ಲಿ ಗೆದ್ದ ಕಪ್‌ಗಳನ್ನು ಸಾಲಾಗಿ ಇಟ್ಟಿದ್ದ. ನಾಯಿ ತಳಿ ನೋಂದಾಯಿಸೋ ಕೆನಲ್ ಕ್ಲಬ್‌ನ ಪೇಪರ್ ಕೂಡ ಇತ್ತು, ‘ಕ್ಯಾರವಾನ್ ಹೌಂಡ್’ ಅಂತ. (ಮುಧೋಳ ನಾಯಿನ ಅಲ್ಲಿ ಆ ಹೆಸರಲ್ಲೇ ನೋಂದಾಯಿಸೋದು, ಅದರಲ್ಲಿ ಮೋಸ ಇಲ್ಲ.) ಆಮೇಲೆ ಒಂದು ವಿಡಿಯೋ ತೋರಿಸಿದ. ಅಪ್ಪ ನಾಯಿ ಬೀಳು ಹೊಲದಲ್ಲಿ ಬಾಣದ ಹಾಗೆ ಓಡೋದು. ಆ ವಿಡಿಯೋ ನೋಡಿಯೇ ದುಡ್ಡು ಕೊಟ್ಟೆ.

ಮರಿ ಬೆಳೆದು ದೊಡ್ಡದಾಗಿದೆ. ನೋಡೋಕೆ ಏನೂ ಕಮ್ಮಿ ಇಲ್ಲ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ. ಆದರೆ ಮಂಗ ಕಣ್ಣೆದುರೇ ಹೋದರೂ ಎದ್ದೇಳಲ್ಲ. ಕಣ್ಣಿಂದಲೇ ಬೇಟೆ ಗುರುತಿಸಿ ಅಟ್ಟೋ ಜಾತಿ ಇದು! ಯಾರಾದರೂ ಹೊಸಬರು ಬಂದರೆ ಮಂಚದ ಕೆಳಗೆ ಸೇರುತ್ತೆ. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿದ್ದರಲ್ಲ, ‘ಮಿಲಿಟರಿ ನಾಯಿ ಎಲ್ಲಿ’ ಅಂತ ಊರವರು ನಗ್ತಾರೆ.

ಬ್ರೀಡರ್ ಹತ್ತಿರ ವಾಪಸ್ ಹೋದೆ. ಅಪ್ಪ ನಾಯಿ ಬಿಡಿ, ಓಡೋದು ನೋಡ್ತೀನಿ ಅಂದೆ. ‘ಬಿಸಿಲೈತ್ರಿ’ ಅಂದ. ಸಂಜೆವರೆಗೂ ಕೂತೆ. ಬಿಟ್ಟ. ಅದು ಗೇಟಿನವರೆಗೆ ಹೋಗಿ, ಬಾಲ ಮುದುರಿಕೊಂಡು ತಿರುಗಿ ಬಂತು. ಆಗ ಅದರ ಹಿಂಗಾಲು ಕಣ್ಣಿಗೆ ಬಿತ್ತು. ವಿಡಿಯೋದ ನಾಯಿಗೆ ಹಿಂದಿನ ಎರಡೂ ಪಾದ ಬಿಳಿ. ಇದಕ್ಕೆ ಒಂದು ಬಿಳಿ ಕೂದಲೂ ಇಲ್ಲ. ಒಂದೂ ಇಲ್ಲ! ಫೋನ್ ತೆಗೆದು ಅವನ ಮುಖದ ಮುಂದೆ ಹಿಡಿದೆ.

‘ಅದು ಇದರ ಅಣ್ಣರೀ. ರಕ್ತ ಒಂದ ಅಲ್ಲೇನು?’

ಹೀಗಂದ. ನಾಚಿಕೆ ಇಲ್ಲದೆ. ಆಮೇಲೆ ಕಾನೂನು ಬೇರೆ: ‘ಬ್ಯಾಟಿ ಬ್ಯಾನ್ ಐತಿ, ಹೆಂಗ್ ತೋರಸ್ಲಿ?’ 1972ರ ವನ್ಯಜೀವಿ ಕಾಯ್ದೆ ನನಗೂ ಗೊತ್ತು. ಮೊಲ ಹಿಡಿಸು ಅಂತ ಯಾರು ಕೇಳಿದ್ರು? ಬೈಕಿಗೆ ಹಗ್ಗ ಕಟ್ಟಿ ಗೋಣಿಚೀಲದ ತುಂಡು ಎಳೆದರೆ ಸಾಕು, ಓಡೋ ನಾಯಿ ಬಿಡಲ್ಲ. ದಮ್ಮು ಎಷ್ಟಿದೆ, ತಿರುವಿನಲ್ಲಿ ಕಾಲು ನಿಲ್ಲುತ್ತಾ, ಒಂದು ಪಟಾಕಿ ಹೊಡೆದರೆ ಸದ್ದಿಗೆ ಹೆದರುತ್ತಾ, ಎಲ್ಲಾ ಗೊತ್ತಾಗುತ್ತೆ. ಇದು ಯಾವುದೂ ನೋಡದೆ ಕ್ರಾಸ್ ಮಾಡಿಸ್ತಾರೆ. ಶೋನಲ್ಲಿ ನಾಯಿ ನಿಲ್ಲಿಸಿ, ಸುಮ್ನೆ ರಿಂಗ್ ಸುತ್ತಿಸಿ ಕಪ್ ಕೊಡ್ತಾರೆ. ಅದರಲ್ಲಿ ಓಟ ಎಲ್ಲಿ ಬಂತು?

ಕೊನೆಗೆ ತಪ್ಪು ನನ್ನದಾಯ್ತು. ‘ನೀವು ಸರಿ ಸಾಕಿಲ್ರಿ, ಬರೇ ಮುದ್ದಿ ಹಾಕೀರಿ.’

ಅಪ್ಪ, ಅಮ್ಮ ಎರಡನ್ನೂ ಬಯಲಲ್ಲಿ ನಿಮ್ಮೆದುರೇ ಬಿಡಿಸಿ ನೋಡಿ. ವಿಡಿಯೋ ನಂಬಬೇಡಿ. ಬಿಡಲ್ಲ ಅಂದ್ರೆ ಎದ್ದು ಬನ್ನಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ.

ಮೊನ್ನೆ ಅವನ ಮೆಸೇಜ್ ಬಂದಿತ್ತು: ‘ಸರ, ಬ್ಯಾಸರ ಆಗಬ್ಯಾಡ್ರಿ. ಹೊಸಾ ಮರಿ ಅದಾವ, ಅರ್ಧ ರೇಟಿಗೆ ಒಂದು ಒಯ್ರಿ.’ ಯಾವ ಗಂಡಿನವು ಅಂತ ಕೇಳಿದೆ. ಅದೇ ಗಂಡು!