ಬಿಜ್‌ಟಾಕ್ ಆರ್‌ಎಫ್‌ಐಡಿ: ಉಡುಪು ಗೋದಾಮಿನಲ್ಲಿ ದೀರ್ಘಕಾಲ ಬಳಸಿದವರ ವಿಮರ್ಶೆ

ಬೇರೆ ಬೇರೆ ಗಣಕ ವ್ಯವಸ್ಥೆಗಳ ನಡುವೆ ಸಂದೇಶ ಸಾಗಿಸುವ ಬಿಜ್‌ಟಾಕ್ ಸರ್ವರ್‌ನ 2006 ಆರ್2 ಆವೃತ್ತಿಯೊಂದಿಗೆ ಮೈಕ್ರೋಸಾಫ್ಟ್ 2007ರಲ್ಲಿ ಹೊರತಂದ ಆರ್‌ಎಫ್‌ಐಡಿ (ರೇಡಿಯೋ ಅಲೆಗಳಿಂದ ಟ್ಯಾಗ್ ಓದಿ ಸರಕನ್ನು ಗುರುತಿಸುವ) ತಂತ್ರಾಂಶವನ್ನು ಬೆಂಗಳೂರಿನ ಹೊರವಲಯದ ಸಿದ್ಧ ಉಡುಪು ರಫ್ತು ಘಟಕವೊಂದರ ಗೋದಾಮಿನಲ್ಲಿ ಸ್ಥಾಪಿಸಿ, ಮುಂದೆ 2010ರ ಆವೃತ್ತಿಗೆ ಏರಿಸಿ, ಕೊನೆಗೆ ಅದನ್ನು ಕಳಚಿ ಬೇರೆ ವ್ಯವಸ್ಥೆಗೆ ಸಾಗಿಸುವವರೆಗೂ ಅದರ ಉಸ್ತುವಾರಿ ನನ್ನದಾಗಿತ್ತು. ಇಂದು ಇದನ್ನು ಹೊಸದಾಗಿ ಆರಿಸಿಕೊಳ್ಳಿ ಎಂದು ಯಾರಿಗೂ ಹೇಳಲಾರೆ. ಆದರೆ ಇದೇ ಕೆಲಸಕ್ಕೆ ಬೇರೊಂದು ತಂತ್ರಾಂಶವನ್ನು ಹುಡುಕುತ್ತಿರುವವರಿಗೆ ಇದರಲ್ಲಿ ಯಾವುದು ಗಟ್ಟಿಯಾಗಿತ್ತು, ಯಾವುದು ಟೊಳ್ಳಾಗಿತ್ತು ಎಂಬ ವಿವರ ಉಪಯೋಗಕ್ಕೆ ಬಂದೀತು.

ಸರಕಿಗೆ ಅಂಟಿಸಿದ, ಗುರುತಿನ ಸಂಖ್ಯೆ ಹೊತ್ತ ಚಿಪ್ ಚೀಟಿಯನ್ನು, ಅಂದರೆ ಟ್ಯಾಗನ್ನು, ಓದುವುದು ಕಷ್ಟದ ಕೆಲಸವಲ್ಲ. ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆಯನ್ನು ಸುಮ್ಮನೆ ಇಟ್ಟರೂ ರೀಡರ್ ಅದೇ ಟ್ಯಾಗನ್ನು ಸೆಕೆಂಡಿಗೆ ಹಲವು ಬಾರಿ ಓದಿ ಕಳುಹಿಸುತ್ತಲೇ ಇರುತ್ತದೆ. ಲೆಕ್ಕಪತ್ರ ವಿಭಾಗಕ್ಕೆ ಬೇಕಾದ ಮಾಹಿತಿ ಅದಲ್ಲ; ಇಂಥ ಆರ್ಡರಿನ ಇಂಥ ಪೆಟ್ಟಿಗೆ ಇಷ್ಟು ಹೊತ್ತಿಗೆ ಲಾರಿ ಏರಿತು ಎಂಬ ಒಂದೇ ಒಂದು ಸಾಲು. ಆ ಓದುಗಳ ರಾಶಿಯಿಂದ ಈ ಒಂದು ಸಾಲನ್ನು ಹೊರತೆಗೆಯುವುದೇ ಇಂಥ ತಂತ್ರಾಂಶದ ನಿಜವಾದ ಕೆಲಸ, ಮತ್ತು ಹೈದರಾಬಾದಿನ ಅಭಿವೃದ್ಧಿ ಕೇಂದ್ರದಲ್ಲಿ ರೂಪುಗೊಂಡ ಈ ಉತ್ಪನ್ನ ಅದನ್ನು ಸರಿಯಾಗಿ ಗ್ರಹಿಸಿತ್ತು.

ಇದರ ರಚನೆಯಲ್ಲಿ ರೀಡರ್‌ಗೂ ವ್ಯವಹಾರದ ತರ್ಕಕ್ಕೂ ನಡುವೆ ಸ್ಪಷ್ಟವಾದ ಗೋಡೆಯಿದೆ. ರೀಡರ್ ತಯಾರಕರು ಡಿಎಸ್‌ಪಿಐ ಎಂಬ ನಿಗದಿತ ಇಂಟರ್‌ಫೇಸ್‌ಗೆ ಅನುಗುಣವಾಗಿ ತಮ್ಮ ಯಂತ್ರಕ್ಕೊಂದು ಪ್ರೊವೈಡರ್ (ಯಂತ್ರವನ್ನು ತಂತ್ರಾಂಶಕ್ಕೆ ಬೆಸೆಯುವ ಪ್ರೋಗ್ರಾಮ್) ಬರೆದುಕೊಡಬೇಕು. ಆ ಬಳಿಕ ಮೇಲಿನ ಪದರಕ್ಕೆ ಯಾವ ಕಂಪನಿಯ ರೀಡರ್ ಎಂಬುದು ಮುಖ್ಯವಾಗುವುದಿಲ್ಲ. ಓದುಗಳನ್ನು ಸಂಸ್ಕರಿಸುವ ನಮ್ಮ ಪ್ರಾಸೆಸ್‌ಗಳು ಬಲ್ಲದ್ದು ‘ರವಾನೆ ಬಾಗಿಲು’ ಎಂಬ ತಾರ್ಕಿಕ ಸಾಧನವನ್ನು ಮಾತ್ರ. ಅದರ ಹಿಂದೆ ಯಾವ ರೀಡರ್ ಇದೆ, ಯಾವ ಆಂಟೆನಾ ಇದೆ ಎಂಬುದನ್ನು ಆರ್‌ಎಫ್‌ಐಡಿ ಮ್ಯಾನೇಜರ್‌ನಲ್ಲಿ ಜೋಡಿಸಿದರೆ ಸಾಕಾಗಿತ್ತು. ಸಿಡಿಲಿನ ಹೊಡೆತಕ್ಕೆ ಸುಟ್ಟುಹೋದ ರೀಡರ್ ಒಂದರ ಜಾಗಕ್ಕೆ ಬೇರೆ ತಯಾರಕರ ರೀಡರನ್ನು ತಂದು ಕೂರಿಸಿದಾಗ ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಈ ಒಂದು ಗುಣಕ್ಕಾಗಿ ಉಳಿದ ಹಲವು ಕಿರಿಕಿರಿಗಳನ್ನು ನಾವು ಸಹಿಸಿಕೊಂಡೆವು.

ಗೋಡೆಯ ಈಚೆಗೆ ಇರುವುದು ಈವೆಂಟ್ ಹ್ಯಾಂಡ್ಲರ್‌ಗಳ, ಅಂದರೆ ಬಂದ ಪ್ರತಿ ಓದನ್ನು ಪರಿಶೀಲಿಸುವ ಪುಟ್ಟ ಪ್ರೋಗ್ರಾಮ್‌ಗಳ, ಸರಣಿ. ಇವನ್ನು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿ ಬರೆದು ಒಂದರ ಹಿಂದೊಂದು ಪೋಣಿಸಬಹುದು. ನಮ್ಮ ರವಾನೆ ಬಾಗಿಲಿನ ಸರಣಿಯಲ್ಲಿ ಮೊದಲನೆಯದು ಟ್ಯಾಗಿನ ಹೆಡರ್ (ಸಂಕೇತದ ಮೊದಲ ಭಾಗ) ನೋಡುತ್ತಿತ್ತು. ಖರೀದಿದಾರರು ತಮ್ಮ ಅಂಗಡಿಗಾಗಿ ಪ್ರತಿ ಉಡುಪಿಗೂ ಟ್ಯಾಗ್ ಹಾಕಿಸಲಾರಂಭಿಸಿದ ಮೇಲೆ ಪೆಟ್ಟಿಗೆಯೊಂದು ಬಾಗಿಲು ದಾಟಿದರೆ ಪೆಟ್ಟಿಗೆಯ ಟ್ಯಾಗಿನ ಜೊತೆಗೆ ಒಳಗಿನ ಷರ್ಟುಗಳ ಟ್ಯಾಗುಗಳೂ ಕೂಗಿಕೊಳ್ಳುತ್ತವೆ. ಪೆಟ್ಟಿಗೆಗೆ ಬಳಸುವ ಎಸ್‌ಎಸ್‌ಸಿಸಿ-96 ಸಂಕೇತ ಹೆಕ್ಸಾಡೆಸಿಮಲ್ 31ರಿಂದಲೂ ಬಿಡಿ ಉಡುಪಿನ ಎಸ್‌ಜಿಟಿಐಎನ್-96 ಸಂಕೇತ 30ರಿಂದಲೂ ಆರಂಭವಾಗುವುದರಿಂದ, ಮೊದಲ ಎಂಟು ಬಿಟ್‌ಗಳನ್ನು ನೋಡಿಯೇ ಷರ್ಟುಗಳನ್ನು ಬದಿಗಿರಿಸಬಹುದಾಗಿತ್ತು. ಎರಡನೆಯ ಹ್ಯಾಂಡ್ಲರ್ ನಿಗದಿತ ಅವಧಿಯೊಳಗೆ ಮತ್ತೆ ಬಂದ ಅದೇ ಟ್ಯಾಗನ್ನು ಕೈಬಿಡುತ್ತಿತ್ತು. ಮೂರನೆಯದು ಒಳಬದಿಯ ಆಂಟೆನಾ ಮೊದಲು ಕಂಡಿತೋ ಹೊರಬದಿಯದು ಮೊದಲು ಕಂಡಿತೋ ಎಂದು ನೋಡಿ ದಿಕ್ಕನ್ನು ನಿರ್ಧರಿಸುತ್ತಿತ್ತು. ಸರಕು ಹೊರಗೆ ಹೋಗಿ, ಲಾರಿಯಲ್ಲಿ ಜಾಗ ಸಾಲದೆ ಒಳಗೆ ವಾಪಸು ಬರುವುದು ನಮ್ಮಲ್ಲಿ ಅಪರೂಪವಾಗಿರಲಿಲ್ಲ. ಉಳಿದುದನ್ನು ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ಗೆ ಬರೆಯುವ ಹ್ಯಾಂಡ್ಲರ್ ಉತ್ಪನ್ನದ ಜೊತೆಗೇ ಬರುತ್ತಿತ್ತು.

ಪ್ರಾಸೆಸ್ ಒಂದನ್ನು ಎಕ್ಸ್‌ಪ್ರೆಸ್, ರಿಲಯಬಲ್, ಟ್ರಾನ್ಸಾಕ್ಷನಲ್ ಎಂಬ ಮೂರು ವಿಧಾನಗಳಲ್ಲಿ ನಡೆಸಬಹುದು. ಎಕ್ಸ್‌ಪ್ರೆಸ್ ವೇಗವಾಗಿದ್ದರೂ ಕರೆಂಟು ಹೋಗಿ ಬರುವ ಕೈಗಾರಿಕಾ ಪ್ರದೇಶಕ್ಕೆ ಅದು ಸಲ್ಲದು. ಓದುಗಳು ವಿಂಡೋಸ್‌ನ ಎಂಎಸ್‌ಎಂಕ್ಯೂ ಎಂಬ ಸಂದೇಶ ಸರತಿಯಲ್ಲಿ ನಿಂತು ಮುಂದೆ ಹೋಗುವ ವಿಧಾನವನ್ನೇ ನಾವು ಆರಿಸಿದೆವು, ಮತ್ತು ಡೇಟಾಬೇಸ್ ಸರ್ವರ್ ಮಲಗಿದ ರಾತ್ರಿಗಳಲ್ಲಿ ಅದರ ಬೆಲೆ ಗೊತ್ತಾಯಿತು.

ಈಗ ಟೊಳ್ಳಿನ ಮಾತು. ಹೆಸರಿನಲ್ಲಿ ಬಿಜ್‌ಟಾಕ್ ಇದ್ದರೂ ಆರ್‌ಎಫ್‌ಐಡಿ ಭಾಗವು ಬಿಜ್‌ಟಾಕ್‌ನ ಸಂದೇಶಗಳೆಲ್ಲ ಸೇರುವ ಮೆಸೇಜ್‌ಬಾಕ್ಸ್ ಡೇಟಾಬೇಸ್‌ನಿಂದ ಪ್ರತ್ಯೇಕವಾಗಿಯೇ ನಡೆಯುತ್ತದೆ. ಎರಡನ್ನೂ ಬೆಸೆಯುವ ಕೆಲಸ ನಮ್ಮದೇ: ಆರ್‌ಎಫ್‌ಐಡಿ ತುಂಬಿದ ಕೋಷ್ಟಕವನ್ನು ಬಿಜ್‌ಟಾಕ್‌ನ ಎಸ್‌ಕ್ಯೂಎಲ್ ಅಡಾಪ್ಟರ್ ಆಗಾಗ ಇಣುಕಿ ನೋಡಿ, ಲಾರಿಯ ಲೋಡ್ ಮುಗಿದ ಮೇಲೆ ಪೆಟ್ಟಿಗೆಗಳ ಪಟ್ಟಿಯನ್ನು ಎಕ್ಸ್12 ಮಾದರಿಯ 856 ಸಂದೇಶವಾಗಿಸಿ (ಸರಕು ರವಾನೆಯ ಮುಂಗಡ ಸೂಚನೆ), ಎಎಸ್2 ಎಂಬ ಸುರಕ್ಷಿತ ಅಂತರಜಾಲ ವಿಧಾನದ ಮೂಲಕ ಅಮೆರಿಕದ ಖರೀದಿದಾರರಿಗೆ ಕಳುಹಿಸುವಂತೆ ಕಟ್ಟಿಕೊಂಡೆವು. ಇಡಿಐ (ವ್ಯವಹಾರ ದಾಖಲೆಗಳ ವಿದ್ಯುನ್ಮಾನ ವಿನಿಮಯ) ಮತ್ತು ಎಎಸ್2 ಸೌಲಭ್ಯಗಳು 2006 ಆರ್2ರಲ್ಲೇ ಇದ್ದುದರಿಂದ ಆ ಕೊನೆಯ ಹಂತ ಸಲೀಸಾಯಿತು, ಆದರೆ ನಡುವಿನ ಬೆಸುಗೆ ಇಷ್ಟು ಕೈಗೆಲಸ ಬೇಡಬಾರದಿತ್ತು ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಪ್ರೊಸೆಸರ್ ಲೆಕ್ಕದ ಲೈಸೆನ್ಸು ಮತ್ತು ಎಸ್‌ಕ್ಯೂಎಲ್ ಸರ್ವರ್ ಖರ್ಚು ಸೇರಿದರೆ ಮಧ್ಯಮ ಗಾತ್ರದ ಘಟಕಕ್ಕೆ ಹೊರೆಯೇ ಆಗಿತ್ತು.

ಪ್ರೊವೈಡರ್‌ಗಳ ಗುಣಮಟ್ಟವಂತೂ ಪೂರ್ತಿ ತಯಾರಕರ ಕೈಯಲ್ಲಿತ್ತು. ಒಬ್ಬ ತಯಾರಕರ ಪ್ರೊವೈಡರ್ ಸಂಪರ್ಕ ಕಡಿದ ಮೇಲೂ ಸಾಧನ ಚಾಲೂ ಇದೆ ಎಂದೇ ತೋರಿಸುತ್ತಿತ್ತು. ಮೇಲ್ವಿಚಾರಕರು ಪೆಟ್ಟಿಗೆಗಳನ್ನು ಕೈಯಲ್ಲಿ ಎಣಿಸಿದ ಮೇಲಷ್ಟೇ ಕೊರತೆ ತಿಳಿಯುತ್ತಿತ್ತು. ರೀಡರ್ ಜೊತೆ ಮಾತನಾಡುವ ಎಲ್‌ಎಲ್‌ಆರ್‌ಪಿ ಎಂಬ ಸಾಮಾನ್ಯ ನಿಯಮಾವಳಿ 2007ರಲ್ಲೇ ಅಂಗೀಕಾರಗೊಂಡಿತ್ತು. ಅದನ್ನು ಪಾಲಿಸುವ ರೀಡರ್‌ಗಳು ಬಂದಂತೆ ಈ ತೊಂದರೆ ತಗ್ಗಿತು, ಅದರೊಂದಿಗೆ ಪ್ರತಿ ತಯಾರಕರಿಗೊಂದು ಪ್ರೊವೈಡರ್ ಎಂಬ ಏರ್ಪಾಟಿನ ಅಗತ್ಯವೂ ತಗ್ಗಿತು.

ಯಾವ ತಂತ್ರಾಂಶವೂ ಸರಿಪಡಿಸಲಾಗದ ಸಂಗತಿಗಳಿವೆ. ಭಾರತದಲ್ಲಿ ಈ ಬಳಕೆಗೆ 865–867 ಮೆಗಾಹರ್ಟ್ಸ್ ಆವರ್ತನ ಪಟ್ಟಿಯನ್ನು 2005ರಲ್ಲಿ ಲೈಸೆನ್ಸ್‌ಮುಕ್ತಗೊಳಿಸಲಾಗಿದೆ. ಅಮೆರಿಕದ 902–928 ಪಟ್ಟಿಗೆ ಹೊಂದಿಸಿದ ರೀಡರನ್ನು ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಂಡರೆ ಅದನ್ನು ಇಲ್ಲಿ ಬಳಸುವಂತಿಲ್ಲ. ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ, ಜಿಪ್‌ಗಳು ಒತ್ತಾಗಿ ತುಂಬಿದ ಪೆಟ್ಟಿಗೆಯಲ್ಲಿ ಟ್ಯಾಗ್ ಯಾವ ಬದಿಗೆ ಅಂಟಿದೆ ಎಂಬುದೇ ಓದಿನ ಹಣೆಬರಹ. ಆಂಟೆನಾದತ್ತ ಮುಖವಿರುವ ಬದಿಯಲ್ಲೇ ಅಂಟಿಸುವಂತೆ ಪ್ಯಾಕಿಂಗ್ ವಿಭಾಗವನ್ನು ಒಪ್ಪಿಸುವುದಕ್ಕೆ ಪ್ರೋಗ್ರಾಮ್ ಬರೆದದ್ದಕ್ಕಿಂತ ಹೆಚ್ಚು ಶ್ರಮವಾಯಿತು.

ಬಿಜ್‌ಟಾಕ್ ಸರ್ವರ್ 2010ರ ವಿಸ್ತೃತ ಬೆಂಬಲವೂ 2021ರ ಜನವರಿಯಲ್ಲಿ ಮುಗಿದಿದೆ. ಬಿಜ್‌ಟಾಕ್ ಸರಣಿಗೆ 2020ರ ಆವೃತ್ತಿಯೇ ಕೊನೆಯದೆಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಇನ್ನೂ ಇದನ್ನೇ ನಡೆಸುತ್ತಿರುವವರು ಸಾಗಾಟ ಆರಂಭಿಸುವ ಮೊದಲು ಪ್ರತಿ ಬಾಗಿಲಿನ ಹ್ಯಾಂಡ್ಲರ್‌ಗಳ ಕ್ರಮ, ಮರುಓದನ್ನು ಕೈಬಿಡುವ ಅವಧಿ, ದಿಕ್ಕು ನಿರ್ಧರಿಸುವ ಕಾಲಮಿತಿ, ಪ್ರತಿ ಆಂಟೆನಾದ ಶಕ್ತಿಮಟ್ಟ ಇವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹ್ಯಾಂಡ್ಲರ್‌ಗಳನ್ನು ನಾವು ಹೊಸ ವ್ಯವಸ್ಥೆಯಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಬರೆದೆವು, ಆದರೆ ಆ ಅಂಕಿಗಳು ಪ್ರತಿ ಬಾಗಿಲಿಗೂ ಬೇರೆ ಬೇರೆಯಾಗಿದ್ದು, ಯಾವ ಕೈಪಿಡಿಯಲ್ಲೂ ಸಿಗುವಂಥವಾಗಿರಲಿಲ್ಲ.