ಫುಲ್ ಫ್ರೇಮ್ ಅಂದ ಮಾತ್ರಕ್ಕೆ ಕತ್ತಲಲ್ಲಿ ಫೋಟೋ ಬರಲ್ಲ, ಲೆನ್ಸ್ ನೋಡಿ ಕೊಳ್ಳಿ

ರಾತ್ರಿ ಹೊತ್ತು ಮನೆಯೊಳಗೆ ಮನೆಮಂದಿಯ ಫೋಟೋ ತೆಗೆಯಲು ಫುಲ್ ಫ್ರೇಮ್ (ದೊಡ್ಡ ಸೆನ್ಸರ್, ಅಂದರೆ ಬೆಳಕು ಹಿಡಿಯುವ ದೊಡ್ಡ ಚಿಪ್ ಇರುವ) ಕ್ಯಾಮೆರಾ ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರು ದಯವಿಟ್ಟು ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಊರಿನ ಮನೆಯಲ್ಲಿತ್ತು. ಸಂಜೆ ಹೊತ್ತು. ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ, ನಡುಮನೆಗೆಲ್ಲ ಒಂದೇ ಟ್ಯೂಬ್‌ಲೈಟು. ಇದನ್ನೆಲ್ಲ ಅಂಗಡಿಯವರಿಗೆ ಬಿಡಿಸಿ ಹೇಳಿದ್ದೆ. "ಸರ್, ಇದು ಫುಲ್ ಫ್ರೇಮ್. ಕತ್ತಲಲ್ಲೂ ಹಗಲಿನ ಹಾಗೆ ಬರುತ್ತೆ, ಫ್ಲ್ಯಾಶ್ ಬೇಡವೇ ಬೇಡ" ಅಂದರು. ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಜೊತೆ 24-105 ಎಂಎಂ ಜೂಮ್ ಲೆನ್ಸ್ ಸೇರಿಸಿ ಕಿಟ್ ಕೊಟ್ಟರು. ಮಗು ಬೆಚ್ಚಿ ಬೀಳಬಾರದು ಅಂತ ಸೈಲೆಂಟ್ ಶಟರ್ ಕೂಡ ಅವರೇ ಆನ್ ಮಾಡಿದರು.

ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ ಹೊಟ್ಟೆ ಉರಿದುಹೋಯಿತು. ಅಕ್ಕ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಗಳಿಗೆ. ಅವಳ ಕೈ ಅಲುಗಿ ಎರಡೆರಡಾಗಿ ಕಾಣುತ್ತಿದೆ. ಮಗುವಿನ ರೆಪ್ಪೆಗೂದಲು ಇರಬೇಕಾದಲ್ಲಿ ಬಣ್ಣ ಬಣ್ಣದ ಚುಕ್ಕಿ. ಹಿಂದಿನ ಗೋಡೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ, ಅಜ್ಜಿಯ ಮುಖದ ಮೇಲೂ ಅದೇ ಪಟ್ಟಿ. ಕ್ಯಾಮೆರಾ ಹಿಂದಿನ ಪುಟ್ಟ ಸ್ಕ್ರೀನಿನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಹೆಸರಿಡುವುದು ಒಂದೇ ಸಲ ಅಲ್ವಾ, ಫೋಟೋಗೋಸ್ಕರ ಮತ್ತೆ ಮಾಡಿಸಲು ಆಗುತ್ತದಾ?

ಕ್ಯಾಮೆರಾ ಕೆಟ್ಟದ್ದಲ್ಲ. ಕಾಟ ಕೊಟ್ಟದ್ದು ಲೆನ್ಸು. ಅದರ ಮುಂಭಾಗದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 1:4-7.1 ಅಂತ ಬರೆದಿದೆ. ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ, ಎಫ್/7.1ಕ್ಕಿಂತ ಜಾಸ್ತಿ ತೆರೆಯುವುದೇ ಇಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/1.8 ಲೆನ್ಸು ಅದಕ್ಕಿಂತ ಸುಮಾರು 16 ಪಟ್ಟು ಜಾಸ್ತಿ ಬೆಳಕು ಬಿಡುತ್ತದೆ. ಒಂದರಲ್ಲಿ ಐಎಸ್ಒ (ಸಿಕ್ಕ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿಸಿದಷ್ಟೂ ಬಣ್ಣದ ಚುಕ್ಕಿ ಜಾಸ್ತಿ) 25600 ಬೇಕಾದ ಜಾಗದಲ್ಲಿ ಇನ್ನೊಂದಕ್ಕೆ 1600 ಸಾಕು. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್, ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರಿನ ಎರಡು ಪಟ್ಟಿಗಿಂತ ದೊಡ್ಡದು, ನಿಜ. ಆದರೆ ಅದರಿಂದ ಸಿಗುವ ಲಾಭ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಸ್ವಲ್ಪ ಜಾಸ್ತಿ, ಅಷ್ಟೇ. ಲೆನ್ಸಿನಲ್ಲಿ ಕಳೆದುಕೊಂಡದ್ದು ನಾಲ್ಕು ಸ್ಟಾಪ್. ಕಡಿಮೆ ದುಡ್ಡಿನ ಎಪಿಎಸ್-ಸಿ ಕ್ಯಾಮೆರಾಗೆ ಒಂದು ಎಫ್/1.8 ಲೆನ್ಸ್ ಹಾಕಿದ್ದರೂ ಆ ಸಂಜೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಬರುತ್ತಿತ್ತು. ಇದನ್ನು ಗೊತ್ತಿದ್ದೂ ಹೇಳದೆ ಮಾರುವುದು ನನ್ನ ಪ್ರಕಾರ ಅನ್ಯಾಯ.

ಕಪ್ಪು ಪಟ್ಟಿ ಬಂದದ್ದು ಸೈಲೆಂಟ್ ಶಟರ್‌ನಿಂದ, ಅಂದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಿಂದ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಕಾಣಲ್ಲ. ಹೆಚ್ಚಿನ ಕ್ಯಾಮೆರಾಗಳ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಬೆಳಕು ಕುಗ್ಗಿದಾಗ ಓದಿದ ಸಾಲು ಕಪ್ಪಾಗುತ್ತದೆ. ಮನೆಯೊಳಗೆ ಮೆಕ್ಯಾನಿಕಲ್ ಶಟರ್ ಇಟ್ಟುಕೊಳ್ಳಿ, ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇರಲಿ. ಆಂಟಿ-ಫ್ಲಿಕರ್ (ಮಿಣುಕಿನ ಕಾಟ ತಪ್ಪಿಸುವ) ಆಯ್ಕೆ ಇದ್ದರೆ ಆನ್ ಮಾಡಿ. ಕ್ಲಿಕ್ ಸದ್ದಿಗೆ ಮಗು ಎದ್ದರೆ ಏಳಲಿ ಬಿಡಿ.

ಅಂಗಡಿಗೆ ವಾಪಸ್ ಹೋದರೆ "ಬಾಡಿಯಲ್ಲಿ ಏನೂ ತೊಂದರೆ ಇಲ್ಲ ಸರ್, ನಿಮ್ಮಲ್ಲಿ ಲೈಟು ಕಮ್ಮಿ ಇತ್ತು" ಅಂದರು. ಬಾಕ್ಸ್ ಒಡೆದಿದೆ, ವಾಪಸ್ ತಗೊಳ್ಳಲ್ಲ. ಬೇಕಾದರೆ ಎಫ್/2.8 ಜೂಮ್ ತಗೊಳ್ಳಿ ಅಂದರು. ಅದರ ಬೆಲೆ ಬಾಡಿಗಿಂತ ಜಾಸ್ತಿ. ಸ್ಟೆಬಿಲೈಸೇಷನ್ ಇದೆಯಲ್ಲ ಅಂತಲೂ ಹೇಳಿದರು. ಅದು ನಮ್ಮ ಕೈ ನಡುಗಿದರೆ ಕಾಯುತ್ತದೆ, ಮಗು ಕೈಕಾಲು ಆಡಿಸಿದರೆ ಅಲ್ಲ. ಆಡುವ ಮಕ್ಕಳಿಗೆ 1/100 ಕೂಡ ಕಮ್ಮಿಯೇ, ಬೆಳಕಿದ್ದರೆ 1/200ಕ್ಕೆ ಹೋಗಿ.

ಆಮೇಲೆ ಗೆಳೆಯನ 50 ಎಂಎಂ ಎಫ್/1.8 ತಂದು ಅದೇ ನಡುಮನೆಯಲ್ಲಿ ತೆಗೆದೆ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಲೆನ್ಸು. ಅಜ್ಜಿಯ ಹಣೆಯ ಸುಕ್ಕು, ಮೂಗುಬೊಟ್ಟಿನ ಹರಳು, ಎಲ್ಲ ನಿಚ್ಚಳ. ಇದಕ್ಕೂ ಒಂದು ಮಿತಿ ಇದೆ. ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವುದು ಸುಮಾರು 10 ಸೆಂಟಿಮೀಟರ್ ಆಳ ಮಾತ್ರ. ಮಡಿಲಲ್ಲಿನ ಮಗುವಿಗೆ ಫೋಕಸ್ ಮಾಡಿದರೆ ಹಿಂದಿನ ಅಜ್ಜಿ ಮಸುಕು. ಇಬ್ಬರ ಮುಖವೂ ಒಂದೇ ದೂರದಲ್ಲಿ ಇರುವ ಹಾಗೆ ಕೂರಿಸಿ. ಸಾಲಾಗಿ ನಿಲ್ಲಿಸಿ ತೆಗೆಯುವ ಗ್ರೂಪ್ ಫೋಟೋಗೆ ಎಫ್/4, ಎಫ್/5.6 ಬೇಕು, ಆಗ ಫ್ಲ್ಯಾಶ್ ಹಾಕಲೇಬೇಕು. ಬಿಳಿ ಆರ್‌ಸಿಸಿ ಚಾವಣಿಗೆ ಫ್ಲ್ಯಾಶ್ ತಿರುಗಿಸಿ ಹೊಡೆದರೆ ಬೆಳಕು ಮೆತ್ತಗೆ ಬೀಳುತ್ತದೆ. ನಮ್ಮ ಮಲೆನಾಡಿನ ಮರದ ಮುಚ್ಚಿಗೆಗೆ ಹೊಡೆದರೆ ಎಲ್ಲರ ಮುಖವೂ ಕಂದು. ಅಂಥ ಮನೆಯಲ್ಲಿ ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ.

ಅಂಗಡಿಯಲ್ಲಿ ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ. ಝಗಮಗಿಸುವ ಕೌಂಟರ್ ಹತ್ತಿರ ಬೇಡ, ಬೆಳಕು ಕಮ್ಮಿ ಇರುವ ಮೂಲೆಯಲ್ಲಿ ಯಾರನ್ನಾದರೂ ನಿಲ್ಲಿಸಿ ತೆಗೆಯಿರಿ. ಕಾರ್ಡ್ ಮನೆಗೆ ತಂದು ದೊಡ್ಡ ಸ್ಕ್ರೀನಿನಲ್ಲಿ ನೋಡಿದ ಮೇಲೇ ದುಡ್ಡು ಕೊಡಿ. ಬಾಡಿ ಮಾತ್ರ ಬೇರೆಯಾಗಿ ಸಿಗುತ್ತದಾ ಅಂತ ಕೇಳಿ. ಸಿಕ್ಕರೆ ಕಿಟ್ ಲೆನ್ಸ್ ಬಿಟ್ಟು ಉಳಿದ ದುಡ್ಡಿಗೆ ಎಫ್/1.8 ತಗೊಳ್ಳಿ. ಪರೀಕ್ಷೆ ಮಾಡಲು ಬಿಡಲ್ಲ ಅಂದರೆ ಸುಮ್ನೆ ಎದ್ದು ಬನ್ನಿ, ಬೇರೆ ಅಂಗಡಿ ಇದೆ.